ರಾಯಚೂರಲ್ಲಿ ಎಸ್ಸೆಮ್ಮೆಸ್ ಸೇವೆ: 5ಕ್ಕೆ 2 ಅಂಕ

ಒಂದೇ ಕಂಪನಿಯ ನಂಬರುಗಳ ನಡುವೆ ತಕರಾರಿಲ್ಲ. ಬೇರೆ ನೆಟ್‌ವರ್ಕಿಗೆ ಹೋಗಬೇಕಾದ ಮೆಸೇಜೇ ತಡ. ಕೃಷಿ ಮಾರುಕಟ್ಟೆಯಾದ ಗಂಜ್‌ನಿಂದ ಬೆಳಿಗ್ಗೆ ಕಳಿಸಿದ ಹತ್ತಿ ರೇಟು ಮಧ್ಯಾಹ್ನ ಮುಟ್ಟಿದರೆ ರೈತನಿಗೆ ಏನು ಉಪಯೋಗ?

ಮೆಸೇಜು ಮೊದಲು ಕಳಿಸಿದವರ ಕಂಪನಿಯ ಮೆಸೇಜ್ ಸೆಂಟರಿಗೆ ಹೋಗುತ್ತದೆ. ಆ ಕಡೆ ಫೋನ್ ಆಫ್ ಇದ್ದರೆ, ಸಿಗ್ನಲ್ ಸಿಗದಿದ್ದರೆ ಅಲ್ಲೇ ಕಾಯುತ್ತದೆ. ಸೆಂಟರು ಬಿಟ್ಟುಬಿಟ್ಟು ಮತ್ತೆ ಕಳಿಸಿ ನೋಡುತ್ತದೆ.

ಕನ್ನಡದ ಮೆಸೇಜಿಗೆ ಮಿತಿ 70 ಅಕ್ಷರ. ಕಾಗುಣಿತ, ಒತ್ತುಗಳೂ ಬೇರೆಯಾಗಿ ಎಣಿಕೆಗೆ ಬರುತ್ತವೆ: ‘ರಾಯಚೂರು’ ಅಂದರೆ 7. ಮಿತಿ ದಾಟಿದರೆ 67ರಂತೆ ತುಂಡಾಗುತ್ತದೆ. ಒಂದು ತುಂಡು ಹಿಂದೆ ಬಿದ್ದರೂ ಪೂರ್ತಿ ಓದಲು ಸಿಗುವುದಿಲ್ಲ. ಚಿಕ್ಕದಾಗಿ ಬರೆಯಿರಿ, ಸೆಟ್ಟಿಂಗ್ಸ್‌ನಲ್ಲಿ ಮೆಸೇಜು ಮುಟ್ಟಿತೇ ಎಂದು ತಿಳಿಸುವ ಡೆಲಿವರಿ ರಿಪೋರ್ಟ್ ಆನ್ ಮಾಡಿ. ಹೊಸ ಸಿಮ್ ಬದಲಿಸಿದ್ದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಂದ್. ಅದು ನಿಯಮ, ದೋಷವಲ್ಲ.