ಬರೀ ನೀರು, ರೆಡಿಮಿಕ್ಸ್, ಲಾಂಗ್ ಲೈಫ್, ಕಾನ್ಸಂಟ್ರೇಟ್: ಒಂದೇ ಕಾರಿಗೆ ನಾಲ್ಕನ್ನೂ ಹಾಕಿ ನೋಡಿದ್ದು

ನಮ್ಮ ಮನೆ ಚಿಕ್ಕಮಗಳೂರಿನಲ್ಲಿ. ಅಪ್ಪನ ತೋಟ ಮೂಡಿಗೆರೆ ಕಡೆ, ಗಂಡನ ಊರು ಕಡೂರಿನ ಹತ್ತಿರ. ಹಾಗಾಗಿ ನನ್ನ ಸಣ್ಣ ಪೆಟ್ರೋಲ್ ಕಾರು ಘಟ್ಟದ ಏರನ್ನೂ ನೋಡುತ್ತದೆ, ಬಯಲುಸೀಮೆಯ ಬಿಸಿಲನ್ನೂ ನೋಡುತ್ತದೆ. 2018ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿ ಅದು. ಅಲ್ಲಿಂದ ಇಲ್ಲಿವರೆಗೆ ಅದರ ರೇಡಿಯೇಟರ್‌ನಲ್ಲಿ ನಾಲ್ಕು ಬಗೆಯ ನೀರು ಓಡಿದೆ. ಯಾವ ಕೂಲೆಂಟ್ (ಇಂಜಿನ್ ತಣ್ಣಗಿಡಲು ರೇಡಿಯೇಟರ್‌ಗೆ ಹಾಕುವ ದ್ರವ) ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ: ಹಳೆಯದನ್ನು ಹೇಗೆ ತೆಗೆಸುತ್ತೀರಿ? ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲನೆಯದು ಬರೀ ನೀರು. ಇದು ಅಪ್ಪನ ಸಲಹೆ. "ನಾವೆಲ್ಲ ಅಬ್ಬಿ ನೀರು ಹಾಕ್ಕೊಂಡೇ ಜೀಪ್ ಓಡಿಸಿದ್ದು ಕಣಮ್ಮ, ಏನಾಗಿದೆ ಅದಕ್ಕೆ?" ಅಂದರು. ಅವರ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಶಾಖ ಹೊರುವುದರಲ್ಲಿ ಬರೀ ನೀರೇ ಮುಂದು, ಕೂಲೆಂಟ್ ಮಿಶ್ರಣ ಅದಕ್ಕಿಂತ ಸ್ವಲ್ಪ ಹಿಂದೆ. ಆದರೆ ನೀರಿಗೆ ಎರಡು ದೋಷ ಇದೆ. ಒಂದು, ತುಕ್ಕು ಮತ್ತು ಗಾರೆ. ಕಡೂರಿನ ಅತ್ತೆ ಮನೆಯಲ್ಲಿ ಬೋರ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳೀ ಪದರ ಕಟ್ಟಿರುವುದನ್ನು ನೀವು ನೋಡಬೇಕು. ಅದೇ ಪದರ ರೇಡಿಯೇಟರ್‌ನ ಸಣ್ಣ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಇನ್ನೊಂದು, ಕುದಿಯುವುದು. ನಮ್ಮ ಊರು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿದೆ. ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96ಕ್ಕೆ ಕುದಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಇನ್ನೂ ಎರಡು ಮೂರು ಡಿಗ್ರಿ ಕಡಿಮೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು ಅಷ್ಟು ಬೇಗ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹೋಗಿದ್ದರೆ ಆ ಕಾವಲೂ ಇಲ್ಲ.

ನನ್ನ ಕಾರಿನದು ಹೋಗಿತ್ತು. 2019ರ ಬೇಸಿಗೆ, ಭಾನುವಾರ, ಮುಳ್ಳಯ್ಯನಗಿರಿ ಏರಿನಲ್ಲಿ ಗಾಡಿಗಳ ಸಾಲು. ಫಸ್ಟ್ ಗೇರ್‌ನಲ್ಲಿ ತೆವಳುತ್ತಾ ಹೋಗುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು, ಬಾನೆಟ್‌ನಿಂದ ಹಬೆ. ಹಿಂದಿನ ಗಾಡಿಯ ಹುಡುಗ ಓಡಿ ಬಂದು ಮುಚ್ಚಳ ತೆಗೆಯಲು ಹೋದ. ಕೈ ಹಿಡಿದು ತಡೆದೆ. ಬಿಸಿ ಇಂಜಿನ್‌ನ ಮುಚ್ಚಳ ತೆಗೆದರೆ ಕುದಿ ನೀರು ಮುಖಕ್ಕೇ ಹಾರುತ್ತದೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ನಾವು ಒಂದು ಗಂಟೆ ಕಾದೆವು. ಅವತ್ತಿಗೆ ಬರೀ ನೀರಿನ ಕಥೆ ಮುಗಿಯಿತು, ಮುಚ್ಚಳವನ್ನೂ ಹೊಸದು ಹಾಕಿಸಿದೆ.

ಎರಡನೆಯದು ರೆಡಿಮಿಕ್ಸ್, ಹಸಿರು ಬಣ್ಣದ್ದು. ಅರ್ಧ ಗ್ಲೈಕಾಲ್ (ನೀರು ಬೇಗ ಕುದಿಯದ, ಹೆಪ್ಪುಗಟ್ಟದ ಹಾಗೆ ಮಾಡುವ ದ್ರವ), ಅರ್ಧ ಶುದ್ಧ ನೀರು ಕಂಪನಿಯವರೇ ಬೆರೆಸಿ ಕೊಟ್ಟಿರುತ್ತಾರೆ. ಹಾಗೇ ಸುರಿದರೆ ಆಯ್ತು. ಕಾರಿಗೆ ಹಿಡಿಯುವುದು ನಾಲ್ಕು ಲೀಟರ್ ಅಂತ ಪುಸ್ತಕದಲ್ಲಿ ಇತ್ತು. ನಾಲ್ಕು ಲೀಟರ್ ಕೊಂಡು ಒಂದು ಗ್ಯಾರೇಜ್‌ಗೆ ಹೋದೆ. ಅಲ್ಲಿಯ ಹುಡುಗ ಕೆಳಗಿನ ಪೈಪ್ ಬಿಚ್ಚಿ, ನಲ್ಲಿ ಪೈಪ್ ಇಟ್ಟು ಹತ್ತು ನಿಮಿಷ ತೊಳೆದ. ಆಮೇಲೆ ಪೈಪ್ ಜೋಡಿಸಿ ಕೂಲೆಂಟ್ ಸುರಿದ. "ಅಕ್ಕಾ, ನಾಲ್ಕು ಲೀಟರ್ ಹಿಡಿಯಲ್ಲ, ಎರಡೂಕಾಲಿಗೇ ತುಂಬೋಯ್ತು. ಉಳಿದಿದ್ದು ಇಟ್ಕೊಳ್ಳಿ" ಅಂದ. ದುಡ್ಡು ಉಳಿಯಿತು ಅಂತ ಖುಷಿಯಾಗಿ ಬಂದೆ.

ಉಳಿದ ಒಂದೂಮುಕ್ಕಾಲು ಲೀಟರ್ ಜಾಗದಲ್ಲಿ ಏನಿತ್ತು? ನಲ್ಲಿ ನೀರು. ಕೆಳಗಿನ ಪೈಪ್ ಬಿಚ್ಚಿದರೆ ಖಾಲಿಯಾಗುವುದು ರೇಡಿಯೇಟರ್ ಮಾತ್ರ. ಇಂಜಿನ್ ಬ್ಲಾಕ್ ಮತ್ತು ಹೀಟರ್‌ನಲ್ಲಿ ಇರುವುದು ಅಲ್ಲೇ ನಿಲ್ಲುತ್ತದೆ. ಎರಡೂಕಾಲು ಲೀಟರ್ ರೆಡಿಮಿಕ್ಸ್‌ನಲ್ಲಿ ಗ್ಲೈಕಾಲ್ ಇರುವುದು ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದು ನಾಲ್ಕು ಲೀಟರ್‌ಗೆ ಹಂಚಿದರೆ ನೂರಕ್ಕೆ 28 ಭಾಗ. ಡಬ್ಬಿಯ ಮೇಲೆ 50 ಅಂತ ಬರೆದಿದೆ, ಇಂಜಿನ್‌ನಲ್ಲಿ ಇರುವುದು 28. ನಮ್ಮ ಊರಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಇಷ್ಟು ಸಾಕಲ್ವಾ ಅನಿಸಬಹುದು. ಚಳಿಗೆ ಸಾಕು. ಆದರೆ ತುಕ್ಕು ತಡೆಯುವ ಔಷಧಿಯೂ ಅದೇ ಡಬ್ಬಿಯಲ್ಲಿ ಇರುತ್ತದೆ. ಅದೂ ಹತ್ತಿರ ಹತ್ತಿರ ಅರ್ಧ ಆಗಿಬಿಟ್ಟಿತು. ಕೂಲೆಂಟ್ ಟೆಸ್ಟರ್ ತಂದು ಹೀರಿ ನೋಡಿದಾಗಲೇ ನನಗೆ ಇದು ಗೊತ್ತಾಗಿದ್ದು. ಚಿಕ್ಕ ರಬ್ಬರ್ ಉಂಡೆ ಇರುವ ಸಾಧನ, ಒಳಗೆ ಗ್ಲೈಕಾಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು. ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಬೆಲೆಯೂ ದೊಡ್ಡದಲ್ಲ.

ಆ ಗ್ಯಾರೇಜ್‌ನಲ್ಲಿ ಇನ್ನೊಂದು ಕೆಲಸವೂ ಬಿಟ್ಟು ಹೋಗಿತ್ತು. ಕೂಲೆಂಟ್ ಓಡುವ ಪೈಪ್‌ಗಳ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆದಿರಲಿಲ್ಲ. ಮರುವಾರ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿ ಏರಿನಲ್ಲಿ ಮಳೆ, ಗಾಜಿಗೆ ಮಂಜು. ಹೀಟರ್ ಹಾಕಿದೆ, ತಣ್ಣನೆ ಗಾಳಿ ಬಂತು. ಅದೇ ಹೊತ್ತಿಗೆ ಮುಳ್ಳು ಮೇಲೆ ಕೆಳಗೆ ಆಡತೊಡಗಿತು. ಹೀಟರ್‌ಗೆ ಬಿಸಿ ಸಿಗುವುದು ಕೂಲೆಂಟ್‌ನಿಂದಲೇ. ಇಂಜಿನ್ ಬಿಸಿ ಇದ್ದೂ ಹೀಟರ್ ತಣ್ಣಗೆ ಊದಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಕೂಲೆಂಟ್ ಕಡಿಮೆ ಇದೆ ಅಂತ ಸಂಶಯ ಪಡಬೇಕು. ಕೊಟ್ಟಿಗೆಹಾರದವರೆಗೆ ನಿಲ್ಲಿಸಿ ನಿಲ್ಲಿಸಿ ಬಂದೆವು. ರೆಡಿಮಿಕ್ಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಪ್ಪು ಹಾಕಿದ ರೀತಿಯಲ್ಲಿತ್ತು.

2021ರಲ್ಲಿ ಕಂಪನಿಯ ಲಾಂಗ್ ಲೈಫ್ ಕೂಲೆಂಟ್ ಹಾಕಿಸಿದೆ. ಹಳೇ ಹಸಿರು ಬಗೆಗೆ ಸಾಮಾನ್ಯವಾಗಿ ಎರಡು ವರ್ಷ ಅಥವಾ 40,000 ಕಿಲೋಮೀಟರ್ ಆಯಸ್ಸು. ಇದಕ್ಕೆ ಐದು ವರ್ಷದ ಮೇಲೂ ಹೇಳುತ್ತಾರೆ. ಕೂಲಿ ಸೇರಿ ನನ್ನ ಬಿಲ್ 2,600 ರೂಪಾಯಿ ಆಯಿತು. ಗಾಳಿ ಸರಿಯಾಗಿ ತೆಗೆದಿದ್ದರು, ಮುಳ್ಳು ಅಲ್ಲಾಡಲಿಲ್ಲ. ಆದರೆ ಎರಡನೇ ವರ್ಷ ರಿಸರ್ವ್ ಡಬ್ಬಿಯಲ್ಲಿ (ರೇಡಿಯೇಟರ್‌ಗೆ ಜೋಡಿಸಿದ, ಹೆಚ್ಚುವರಿ ಕೂಲೆಂಟ್ ನಿಲ್ಲುವ ಡಬ್ಬಿ) ಗುಲಾಬಿ ಬಣ್ಣ ಚಹಾ ಬಣ್ಣಕ್ಕೆ ತಿರುಗಿತ್ತು. ಬ್ಲಾಕ್‌ನಲ್ಲಿ ನಿಂತಿದ್ದ ಹಳೇ ಹಸಿರು, ತುಕ್ಕು, ನಲ್ಲಿ ನೀರು ಎಲ್ಲ ಇದರ ಜೊತೆ ಸೇರಿತ್ತು. ಬೇರೆ ಬೇರೆ ಬಗೆ ಬೆರೆತರೆ ಎರಡರ ಆಯಸ್ಸೂ ಕಡಿಮೆ, ಕೆಲವು ಸಲ ಲೋಳೆಯಂತೆಯೂ ಆಗುತ್ತದೆ. ಬಣ್ಣ ನೋಡಿ ಬಗೆ ಹೇಳಲು ಆಗುವುದಿಲ್ಲ, ಬಣ್ಣ ಕಂಪನಿಯವರ ಇಷ್ಟ. ನಿಮ್ಮ ಗಾಡಿ ಹೊಸದು, ಶುರುವಿನಿಂದ ಇದೇ ಇದೆ ಅಂದರೆ ಇದನ್ನೇ ಮುಂದುವರಿಸಿ. ದುಡ್ಡಿಗೆ ತಕ್ಕ ನೆಮ್ಮದಿ ಸಿಗುತ್ತದೆ. ನನ್ನಂಥ ಹಳೇ ಗಾಡಿಗೆ ಒಳಗೆ ತೊಳೆಯದೆ ಇದನ್ನು ಹಾಕುವುದು ಕೊಳೆ ಪಾತ್ರೆಗೆ ಹಾಲು ಹೊಯ್ದ ಹಾಗೆ.

2023ರಲ್ಲಿ ನಾನೇ ಕೈ ಹಾಕಿದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯದೇ ಕಾನ್ಸಂಟ್ರೇಟ್ (ನೀರು ಬೆರೆಸದ ಗಟ್ಟಿ ಕೂಲೆಂಟ್) ಎರಡು ಲೀಟರ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹತ್ತು ಲೀಟರ್. ಎಲ್ಲ ಸೇರಿ ಸಾವಿರ ರೂಪಾಯಿ. ಬ್ಯಾಟರಿ ಆ್ಯಸಿಡ್ ಬೇರೆ, ಕ್ಯಾನ್ ಮೇಲೆ ಓದಿ ತನ್ನಿ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಹಳೆಯದನ್ನು ಇಳಿಸಿದೆ. ಎರಡೂಕಾಲು ಲೀಟರ್ ಬಂತು. ಅಷ್ಟೇ ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಫುಲ್ ಇಟ್ಟು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡುವ ಕವಾಟ) ತಾನಾಗೇ ತೆರೆದುಕೊಂಡು ಮೇಲಿನ ಪೈಪ್ ಬಿಸಿಯಾಗುವವರೆಗೆ ಇಂಜಿನ್ ಓಡಿಸಿದೆ. ಆರಿದ ಮೇಲೆ ಮತ್ತೆ ಇಳಿಸಿದೆ. ಹೀಗೆ ಮೂರು ಸಲ. ಮೊದಲ ಸಲ ಬಂದದ್ದು ಚಹಾ, ಮೂರನೇ ಸಲ ಹೆಚ್ಚು ಕಡಿಮೆ ತಿಳಿ ನೀರು. ಲೆಕ್ಕ ಹಾಕಿದರೆ ಹಳೆಯದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿಯುತ್ತದೆ. ನಡುವೆ ಇಂಜಿನ್ ಆರಲು ಬಿಡಬೇಕಲ್ಲ, ಶನಿವಾರ ಭಾನುವಾರ ಎರಡೂ ಹೋಯಿತು.

ಕಾನ್ಸಂಟ್ರೇಟ್‌ನ ನಿಜವಾದ ಲಾಭ ಇಲ್ಲಿದೆ. ಬ್ಲಾಕ್‌ನಲ್ಲಿ ಈಗ ಒಂದೂಮುಕ್ಕಾಲು ಲೀಟರ್ ಹೆಚ್ಚು ಕಡಿಮೆ ಶುದ್ಧ ನೀರು ನಿಂತಿದೆ. ಅದಕ್ಕೆ ಎರಡು ಲೀಟರ್ ಕಾನ್ಸಂಟ್ರೇಟ್ ಮೊದಲು ಸುರಿದೆ, ಮೇಲೆ ಕಾಲು ಲೀಟರ್ ನೀರು. ನಾಲ್ಕಕ್ಕೆ ಎರಡು, ಸರಿ ಅರ್ಧ. ಟೆಸ್ಟರ್‌ನ ಮುಳ್ಳೂ ಅಲ್ಲಿಗೇ ಬಂತು. ತೊಳೆದ ಗಾಡಿಗೆ ರೆಡಿಮಿಕ್ಸ್ ಹಾಕಿ ಈ ಅಳತೆ ತರಲು ಆಗುವುದೇ ಇಲ್ಲ. ಹಾಗಂತ ಬರೀ ಕಾನ್ಸಂಟ್ರೇಟ್ ತುಂಬಬೇಡಿ. ನೀರಿಲ್ಲದ ಗ್ಲೈಕಾಲ್ ಶಾಖವನ್ನು ಸರಿಯಾಗಿ ಹೊರುವುದಿಲ್ಲ.

ಗಾಳಿ ತೆಗೆಯಲು ಮುಂದಿನ ಚಕ್ರ ಏರಿನ ಕಡೆ ಬರುವ ಹಾಗೆ ಗಾಡಿ ನಿಲ್ಲಿಸಿದೆ. ಇಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಆಲಿಕೆ ಸಿಕ್ಕಿಸಿ, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿದೆ. ಗುಳ್ಳೆ ಬರುತ್ತಾ ಹೋದ ಹಾಗೆ ಸುಮ್ನೆ ಕಾಯುವುದು, ಮಟ್ಟ ಇಳಿದರೆ ತುಂಬುವುದು. ಫ್ಯಾನ್ ಎರಡು ಸಲ ತಿರುಗಿ ನಿಂತಿತು, ಹೀಟರ್‌ನಿಂದ ಬಿಸಿ ಗಾಳಿ ಬಂತು. ಇಂಜಿನ್ ಆಫ್ ಮಾಡಿ, ಪೂರ್ತಿ ಆರಿದ ಮೇಲೆ ಆಲಿಕೆ ತೆಗೆದು ಮುಚ್ಚಳ ಹಾಕಿದೆ. ಮಾರನೇ ದಿನ ರಿಸರ್ವ್ ಡಬ್ಬಿಯಲ್ಲಿ ಒಂದು ಬೆರಳಷ್ಟು ಇಳಿದಿತ್ತು. ಅಷ್ಟು ಮಾಮೂಲು. ದಿನಾ ಇಳಿಯುತ್ತಿದ್ದರೆ ಮಾತ್ರ ಸೋರಿಕೆ, ವಾಟರ್ ಪಂಪ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಈ ದಾರಿಯ ದೊಡ್ಡ ತೊಂದರೆ ಹಳೇ ಕೂಲೆಂಟ್. ಅದರ ರುಚಿ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಒಳಗೆ ಹೋದರೂ ಕಿಡ್ನಿ ಹಾಳಾಗಿ ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ತೋಟದ ಮನೆಯಲ್ಲಿ ನಾಯಿ, ದನ ಎಲ್ಲ ಅಂಗಳದಲ್ಲೇ ಓಡಾಡುತ್ತವೆ, ಅದಕ್ಕೆ ಈ ಕೆಲಸ ಅಲ್ಲಿ ಮಾಡಲೇ ಇಲ್ಲ. ಇಳಿಸಿದ್ದನ್ನೆಲ್ಲ ಹಳೇ ಕ್ಯಾನ್‌ಗೆ ತುಂಬಿ, ಮೇಲೆ ದಪ್ಪಕ್ಷರದಲ್ಲಿ ವಿಷ ಅಂತ ಬರೆದು, ಸರ್ವೀಸ್ ಸೆಂಟರ್‌ಗೆ ಕೊಟ್ಟು ಬಂದೆ. ಚರಂಡಿಗೆ ಬಿಡಬೇಡಿ. ನೀರಿನ ಬಾಟಲಿಗಂತೂ ತುಂಬಲೇಬೇಡಿ.

ಎರಡು ದಿನ ಕೊಡಲು ಆಗದಿದ್ದರೆ ರೆಡಿಮಿಕ್ಸ್ ಸಾಕು. ಆದರೆ ನಲ್ಲಿ ನೀರಲ್ಲಿ ತೊಳೆಯಬೇಡಿ ಅಂತ ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಬರೀ ಇಳಿಸಿ, ಅದೇ ಬಗೆಯದನ್ನು ತುಂಬಿಸಿ, ಆರು ತಿಂಗಳಿಗೆ ಇನ್ನೊಮ್ಮೆ ಇಳಿಸಿ ತುಂಬಿಸಿ. ಎದುರಿಗೇ ನಿಂತು ಗಾಳಿ ತೆಗೆಸಿ. ನನ್ನ ಗಾಡಿಗೆ ಕಾನ್ಸಂಟ್ರೇಟ್ ಹಾಕಿದ ಮೇಲೆ ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ ಎಲ್ಲ ಆಗಿದೆ. ಮುಳ್ಳು ಅರ್ಧದ ಕೆಳಗೇ ನಿಲ್ಲುತ್ತದೆ, ಡಬ್ಬಿಯ ಬಣ್ಣ ಇನ್ನೂ ತಿಳಿಯಾಗಿದೆ. ಮೊನ್ನೆ ಅಪ್ಪ ಟಾರ್ಚ್ ಹಿಡಿದು ಬಗ್ಗಿ ನೋಡಿ, ಜೀಪಿಗೆ ಎಷ್ಟು ಲೀಟರ್ ಬೇಕಾಗುತ್ತೆ ಅಂತ ಕೇಳಿದರು.