ದಿ ಮೇಜ್ ರನ್ನರ್: ಪುಸ್ತಕ ಓದಬೇಕಾ, ಸಿನಿಮಾ ಸಾಕಾ?

ಎರಡರಲ್ಲಿ ಒಂದೇ ಅಂದರೆ ನನ್ನ ವೋಟು ಪುಸ್ತಕಕ್ಕೆ. ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. 2014ರಲ್ಲಿ ವೆಸ್ ಬಾಲ್ ಮಾಡಿದ ಆ ಚಿತ್ರ ಎಲ್ಲೂ ಬೋರ್ ಹೊಡೆಸುವುದಿಲ್ಲ. ಆದರೆ ಜೇಮ್ಸ್ ಡ್ಯಾಶ್ನರ್ ಅವರ 2009ರ ಕಾದಂಬರಿಯಲ್ಲಿ ನನಗೆ ಯಾವುದು ತುಂಬಾ ಹಿಡಿಸಿತ್ತೋ ಅದನ್ನೇ ಸಿನಿಮಾದವರು ಕೈಬಿಟ್ಟಿದ್ದಾರೆ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಥಾಮಸ್‌ಗೆ ಎಚ್ಚರವಾಗುವುದು ಕತ್ತಲೆ ತುಂಬಿದ ಲಿಫ್ಟಿನಲ್ಲಿ. ಮೇಲೆ ಬಂದರೆ ಗ್ಲೇಡ್ ಅನ್ನುವ ದೊಡ್ಡ ಬಯಲು, ಸುತ್ತ ಮುಗಿಲೆತ್ತರದ ಕಲ್ಲುಗೋಡೆ, ಒಳಗೆ ಬರೀ ಹುಡುಗರು. ಗೋಡೆಯಾಚೆ ಚಕ್ರವ್ಯೂಹ. ಬೆಳಿಗ್ಗೆ ಬಾಗಿಲು ತೆರೆಯುತ್ತದೆ, ಸಂಜೆ ಮುಚ್ಚುತ್ತದೆ, ರಾತ್ರಿ ಆಚೆ ಸಿಕ್ಕಿಕೊಂಡವನ ಕಥೆ ಮುಗಿಯಿತು. ಹೆಸರು ಬಿಟ್ಟರೆ ಯಾರಿಗೂ ಏನೂ ನೆನಪಿಲ್ಲ. ಬರ್ಗರ್ ತಿನ್ನುವುದು, ಕೆರೆಯಲ್ಲಿ ಈಜುವುದು ಹೇಗಿರುತ್ತದೆ ಅಂತ ಗೊತ್ತು, ಆದರೆ ಅಲ್ಲಿ ಪಕ್ಕದಲ್ಲಿ ಯಾರಿದ್ದರು ಅನ್ನುವುದು ಮಾತ್ರ ಅಳಿಸಿಹೋಗಿದೆ.

ಹುಡುಗರು ಅಳುತ್ತಾ ಕೂತಿಲ್ಲ. ಒಬ್ಬರು ಹೊಲ ನೋಡಿಕೊಳ್ಳುತ್ತಾರೆ, ಒಬ್ಬರು ಹಂದಿ ಕಡಿಯುತ್ತಾರೆ, ಫ್ರೈಪ್ಯಾನ್ ಅನ್ನುವವನು ಅಡುಗೆ ಮಾಡುತ್ತಾನೆ, ಓಡುವವರು ದಿನವಿಡೀ ಚಕ್ರವ್ಯೂಹ ಸುತ್ತಿ ಬರುತ್ತಾರೆ. ಹೊಸಬ ಬಂದರೆ ಹಾಸ್ಟೆಲ್ ಸೀನಿಯರ್‌ಗಳ ಹಾಗೆ ಗೋಳುಹೊಯ್ದುಕೊಳ್ಳುತ್ತಾರೆ.

ನನಗೆ ಹಿಡಿಸಿದ್ದು ಅಂದೆನಲ್ಲ, ಅದು ನಕ್ಷೆಗಳು. ರಾತ್ರಿ ಗೋಡೆಗಳು ಜಾಗ ಬದಲಾಯಿಸುತ್ತವೆ, ಹಾಗಾಗಿ ಓಡಿ ಬಂದವರು ಚಕ್ರವ್ಯೂಹದ ಎಂಟೂ ಭಾಗಗಳ ನಕ್ಷೆಯನ್ನು ದಿನಾ ಬರೆದಿಡುತ್ತಾರೆ. ವರ್ಷಗಟ್ಟಲೆ ಬರೆದರೂ ದಾರಿ ಸಿಗುವುದಿಲ್ಲ. ಕೊನೆಗೆ ಅಡುಗೆಮನೆಯಿಂದ ಬಟರ್ ಪೇಪರ್ ತರಿಸಿ, ಒಂದೇ ದಿನದ ಎಂಟು ನಕ್ಷೆಗಳನ್ನು ಅದರ ಮೇಲೆ ತಿದ್ದಿ, ಒಂದರ ಮೇಲೊಂದು ಇಟ್ಟು ನೋಡಿದರೆ ಮಧ್ಯದಲ್ಲಿ ಏನೋ ಕಾಣುತ್ತದೆ. ಏನು ಅಂತ ಹೇಳುವುದಿಲ್ಲ. ಆ ಪುಟಗಳನ್ನು ನಾನು ಮತ್ತೆ ಹಿಂದಕ್ಕೆ ತಿರುಗಿಸಿ ಓದಿದೆ. ಸಿನಿಮಾದಲ್ಲಿ ಇದೆಲ್ಲ ಇಲ್ಲ, ಕಡ್ಡಿಗಳಲ್ಲಿ ಮಾಡಿದ ಒಂದು ಮಾಡೆಲ್ ತೋರಿಸಿ ಮುಂದೆ ಹೋಗುತ್ತಾರೆ.

ಪುಸ್ತಕದಲ್ಲೂ ತಲೆ ಕೆಡಿಸುವ ವಿಷಯಗಳಿವೆ. ಥಾಮಸ್ ಏನು ಕೇಳಿದರೂ "ಆಮೇಲೆ ಹೇಳ್ತೀನಿ" ಅನ್ನುತ್ತಾರೆ, ಸುಮ್ನೆ ಸಸ್ಪೆನ್ಸ್ ಎಳೆಯೋದಕ್ಕೆ. ಹುಡುಗರ ಬಾಯಲ್ಲಿ ಲೇಖಕರೇ ಹುಟ್ಟಿಸಿದ ಬೈಗುಳ ಜಾಸ್ತಿ ಆಯಿತು. ಥಾಮಸ್ ಮತ್ತು ಆಮೇಲೆ ಗ್ಲೇಡ್‌ಗೆ ಬರುವ ಒಬ್ಬಳೇ ಹುಡುಗಿ ತೆರೇಸಾ ಮನಸ್ಸಿನಲ್ಲೇ ಮಾತಾಡಿಕೊಳ್ಳುವುದಂತೂ ನನಗೆ ಒಗ್ಗಲಿಲ್ಲ, ಸಿನಿಮಾದವರು ಅದನ್ನು ತೆಗೆದದ್ದೇ ಒಳ್ಳೆಯದಾಯಿತು. ಚಕ್ರವ್ಯೂಹದಲ್ಲಿ ಓಡಾಡುವ ಗ್ರೀವರ್ ಅನ್ನುವ ಪ್ರಾಣಿಯೂ ತೆರೆಯ ಮೇಲೇ ಭಯ ಹುಟ್ಟಿಸುತ್ತದೆ, ಪುಸ್ತಕದಲ್ಲಿ ಅದು ಮುಳ್ಳು, ಕಬ್ಬಿಣ ಸಿಕ್ಕಿಸಿದ ಲೋಳೆ ಮುದ್ದೆ.

ಇನ್ನೊಂದು ವಿಷಯಕ್ಕೂ ಸಿನಿಮಾಗೆ ಮಾರ್ಕ್ಸ್ ಕೊಡಬೇಕು. ಚಕ್ ಅನ್ನುವ ಗುಂಡಗಿನ ಪುಟ್ಟ ಹುಡುಗ ಮರದ ಬೊಂಬೆ ಕೆತ್ತುತ್ತಾನೆ, ಅಪ್ಪ ಅಮ್ಮನಿಗೆ ಕೊಡೋದಕ್ಕೆ. ಅವರ ಮುಖವೇ ಅವನಿಗೆ ನೆನಪಿಲ್ಲ, ಅಲ್ವಾ? ಥಾಮಸ್ ಪಾತ್ರ ಮಾಡಿದ ಡಿಲನ್ ಓಬ್ರಯನ್ ಓಡಾಟಕ್ಕಿಂತ ಆ ಬೊಂಬೆಯೇ ನನಗೆ ಜಾಸ್ತಿ ನೆನಪಿದೆ.

ಇಂಗ್ಲಿಷ್ ಸರಳ, ಅಧ್ಯಾಯಗಳು ಪುಟ್ಟವು. ಹೈಸ್ಕೂಲ್ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು, ಸಾವು ನೋವು ಇದೆ ಅನ್ನುವುದು ಗಮನದಲ್ಲಿರಲಿ. ಇದು ಒಂದು ಸರಣಿ, ಸೆಟ್ ಒಟ್ಟಿಗೆ ತಗೋಬೇಡಿ, ಮೊದಲ ಭಾಗ ಸಾಕು. ಅದು ಹಿಡಿಸಿದರೆ ಎರಡನೆಯದನ್ನೂ ಪುಸ್ತಕದಲ್ಲೇ ಓದಿ, 2015ರ ಸಿನಿಮಾ ಅಲ್ಲಿಂದ ಬೇರೆ ದಾರಿಯನ್ನೇ ಹಿಡಿಯುತ್ತದೆ.