ತೊಫ್ರೆಕ್ ಪದಕವೂ ಕ್ಯೂ ದಾಖಲೆಗಳೂ

ಹಳೆಯ ಸೇನಾ ಪದಕ ಕೊಳ್ಳುವವರು ಅಂಗಡಿಯವರ ಮಾತಿಗಿಂತ ಮೊದಲು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ (ಬ್ರಿಟನ್ನಿನ ಸರ್ಕಾರಿ ದಾಖಲೆಗಳ ಭಂಡಾರ) ದಾಖಲೆಗಳನ್ನು ನಂಬಬೇಕು. ಅಲ್ಲಿನ ಸೇವೆಗೆ ನನ್ನಿಂದ ಐದಕ್ಕೆ ಐದು ಅಂಕ.

ನಾನು ಕೊಂಡದ್ದು ಬ್ರಿಟಿಷ್ ನೌಕಾಪಡೆಯ ಕಾಲಾಳು ದಳವಾದ ರಾಯಲ್ ಮರೀನ್ ಲೈಟ್ ಇನ್‌ಫೆಂಟ್ರಿಯ ಒಬ್ಬ ಸಾಮಾನ್ಯ ಸಿಪಾಯಿಯ ಪದಕದ ಜೋಡಿ: ಸ್ಫಿಂಕ್ಸ್ ಚಿತ್ರವಿರುವ ಬೆಳ್ಳಿಯ ಈಜಿಪ್ಟ್ ಪದಕ, ಜೊತೆಗೆ ಈಜಿಪ್ಟಿನ ಆಡಳಿತಗಾರ ಖೆದಿವ್‌ ಕೊಟ್ಟ ಕಂಚಿನ ನಕ್ಷತ್ರ. ಹಲಸೂರಿನಲ್ಲಿ ಬೆಳೆದ ನನಗೆ ಇದರ ಮೇಲೆ ಮನಸ್ಸಾಗಲು ಕಾರಣವಿದೆ. 1885ರ ಮಾರ್ಚ್ 22ರಂದು ಸುಡಾನಿನ ತೊಫ್ರೆಕ್‌ನಲ್ಲಿ ಬ್ರಿಟಿಷ್ ಪಡೆ ಮುಳ್ಳುಪೊದೆಗಳ ಬೇಲಿ ಹಾಕುತ್ತಿರುವಾಗಲೇ, ಬಂಡೆದ್ದಿದ್ದ ಧರ್ಮನಾಯಕ ಮಹದಿಯ ಪಕ್ಷದವರು ಮೇಲೆರಗಿದರು. ಆಗ ಮರೀನ್ ಬೆಟಾಲಿಯನ್ನಿನ ಜೊತೆ ನಮ್ಮ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ದಳ) ಕೂಡ ಇದ್ದರು. ಆ ರೆಜಿಮೆಂಟಿನ ಕೇಂದ್ರ ಇಂದಿಗೂ ಹಲಸೂರು ಕೆರೆಯ ಪಕ್ಕದಲ್ಲೇ ಇದೆ.

ಅಂಗಡಿಯವರು ಚೀಟಿಯಲ್ಲಿ 'ತೊಫ್ರೆಕ್ ವೀರ' ಎಂದು ಬರೆದು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಏರಿಸಿದ್ದರು. ಆದರೆ ನೀಲಿ-ಬಿಳಿ ರಿಬ್ಬನ್ನಿನ ಮೇಲಿದ್ದದ್ದು 'ಸುವಾಕಿನ್ 1885' ಎಂಬ ಒಂದೇ ಪಟ್ಟಿ, ಅಂದರೆ ಕಾರ್ಯಾಚರಣೆಯ ಹೆಸರಿರುವ ಲೋಹದ ತುಂಡು. ಸುವಾಕಿನ್ ತೊಫ್ರೆಕ್‌ಗೆ ಹತ್ತಿರದ ಸುಡಾನಿನ ಬಂದರು. ತೊಫ್ರೆಕ್‌ನಲ್ಲಿ ಹೋರಾಡಿದವರಿಗೆ ಅದರ ಜೊತೆಗೆ 'ತೊಫ್ರೆಕ್' ಪಟ್ಟಿಯೂ ಸಿಗುತ್ತಿತ್ತು. ಕೇಳಿದರೆ, "ಕಳಚಿ ಬಿದ್ದಿರಬೇಕು" ಎಂಬ ಉತ್ತರ ಬಂತು. ಸತ್ತವನ ಹೆಸರಿಗೆ ಇಲ್ಲದ ಯುದ್ಧ ಅಂಟಿಸಿ ಮಾರುವುದು ನನಗೆ ಸಹಿಸಲಾಗದ ವಿಷಯ.

ಕ್ಯೂನಲ್ಲಿ ಹೆಸರಿನ ಮತ್ತು ವಿಳಾಸದ ಪುರಾವೆ ತೋರಿಸಿದರೆ ಓದುಗರ ಚೀಟಿ ಉಚಿತ. ಓದುವ ಕೋಣೆಯಲ್ಲಿ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ ಮಾತ್ರ. ಮರೀನ್ ಸೈನಿಕರ ಸೇವಾ ಪುಸ್ತಕಗಳು ಎಡಿಎಂ (ಅಡ್ಮಿರಾಲ್ಟಿ, ಅಂದರೆ ನೌಕಾ ಇಲಾಖೆ) 159 ಸರಣಿಯಲ್ಲಿವೆ, ಭರ್ತಿಯ ಕಾಗದಗಳು ಎಡಿಎಂ 157ರಲ್ಲಿ. ಸೇವಾ ಪುಸ್ತಕದ ಪುಟವನ್ನು ಶುಲ್ಕ ಕಟ್ಟಿ ಮನೆಯಲ್ಲೇ ಇಳಿಸಿಕೊಳ್ಳಬಹುದು. ಭರ್ತಿಯ ಕಾಗದವನ್ನಂತೂ ಅಲ್ಲೇ ಹೋಗಿ ಕೈಯಲ್ಲಿ ಹಿಡಿದು ನೋಡಬೇಕು. ನನ್ನ ಸಿಪಾಯಿಯದು ಮಾಸಿದ ನೀಲಿ ಕಾಗದ: ಕಸುಬು ಕೃಷಿ ಕೂಲಿ, ಕಂದು ಕಣ್ಣು, ಬಲ ಮುಂಗೈಯಲ್ಲಿ ಲಂಗರಿನ ಹಚ್ಚೆ. ಕೆಳಗೆ ಅವನದೇ ಅಂಕುಡೊಂಕು ರುಜು.

ಸೇವಾ ಪುಟ ಓದಿದಾಗ ಅವನ ಬದುಕಿನ ಲಯ ತಿಳಿಯಿತು. ಚಾಥಮ್ ಬ್ಯಾರಕ್ಸ್, ಒಂದು ಹಡಗು, ಮತ್ತೆ ಚಾಥಮ್, ಮತ್ತೊಂದು ಹಡಗು. ಪಿಂಚಣಿಗೆ ಬೇಕಾದ 21 ವರ್ಷ ತುಂಬುವವರೆಗೂ ಇದೇ ಓಡಾಟ. ಪದಕ ಹೇಳುವ ಸುಡಾನ್ ಅದರಲ್ಲಿ ಕೆಲವೇ ತಿಂಗಳು. ನಡತೆಯ ಕಲಮಿನಲ್ಲಿ 'ಬಹಳ ಒಳ್ಳೆಯದು' ಎಂಬ ಮಾತು ಪದೇ ಪದೇ ಬರುತ್ತದೆ. ಎಡಿಎಂ 171ರ ಪದಕಪಟ್ಟಿಯಲ್ಲಿ ಅವನ ಹೆಸರಿನ ಎದುರಿಗಿರುವುದು ಸುವಾಕಿನ್ ಮಾತ್ರ.

ಹೊಸಬರಿಗೆ ಎರಡು ಮಾತು. ಮರೀನ್ ದಳದ ಚಾಥಮ್, ಪೋರ್ಟ್ಸ್‌ಮತ್, ಪ್ಲಿಮತ್ ವಿಭಾಗಗಳಲ್ಲಿ ಸೈನಿಕರಿಗೆ ಪ್ರತ್ಯೇಕ ಸಂಖ್ಯಾಕ್ರಮಗಳಿದ್ದವು. ವಿಭಾಗ ತಿಳಿಯದೆ ಸಂಖ್ಯೆಯೊಂದನ್ನೇ ಹಿಡಿದು ಹೊರಟರೆ ಬೇರೊಬ್ಬನ ಪುಟ ಸಿಗುತ್ತದೆ. ಖೆದಿವ್‌ನ ನಕ್ಷತ್ರವನ್ನು ಹೆಸರು ಕೆತ್ತದೆಯೇ ಕೊಡುತ್ತಿದ್ದರು, ಹಾಗಾಗಿ ಅದರ ಮೇಲಿನ ವರ್ಷವನ್ನು ಪದಕದೊಂದಿಗೆ ತಾಳೆ ನೋಡಿ.

ಪದಕಪಟ್ಟಿಯ ಪ್ರತಿಯನ್ನು ಅಂಗಡಿಗೆ ಕಳುಹಿಸಿ, ಹೆಚ್ಚುವರಿ ಹಣ ವಾಪಸು ಕೇಳಿದ್ದೇನೆ. ಪದಕವನ್ನು ಮಾತ್ರ ಹಿಂದಿರುಗಿಸುವುದಿಲ್ಲ.